ಅಂತರ್ಯುದ್ಧದ ಸೇನಾನಿಗಳೂ ಸ್ಮಾರಕ ನಾಣ್ಯಗಳೂ: ಅಮೆರಿಕದ ಸಂಯುಕ್ತ ಸಂಸ್ಥಾನದ ನಿದರ್ಶನ

ಇತಿಹಾಸದ ಆಕರಗಳಲ್ಲಿ ನಾಣ್ಯಗಳಿಗೆ ವಿಶಿಷ್ಟ ಸ್ಥಾನವಿರುವುದು ವಾಚಕರಿಗೆ ವಿದಿತವೇ ಆಗಿದೆ. ನಾಸಿಕದ ಬಳಿಯ ಜೋಗಳ್ತೆಂಬಿಯಲ್ಲಿ ೧೯೦೬ರಲ್ಲಿ ದೊರೆತ ನಿಧಿಯಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕ ಬೆಳ್ಳಿಯ ನಾಣ್ಯಗಳಿದ್ದುವು. ಅವು ಕ್ಷಹರಾತ ದೊರೆ ನಹಪಾನನು ಹೊರಡಿಸಿದವು. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯು ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದಾನೆ. ಸೋತವನ ಮುಖದ ಮೇಲೆ ಗೆದ್ದವನ ಲಾಂಛನ ಬೀಳುವುದು ನಾಣ್ಯಗಳ ಲೋಕದಲ್ಲಿ ವಾಡಿಕೆಯಾದ ಕ್ರಮ. ಯುದ್ಧದಲ್ಲಿ ಜಯಿಸಿದವರು ಯಾರೆಂದು ತಿಳಿಯಲು ಶಾಸನಗಳನ್ನು ಓದಲೇಬೇಕಾಗಿಲ್ಲ, ನಾಣ್ಯಗಳೇ ಹೇಳುತ್ತವೆ.

ಈ ಕ್ರಮಕ್ಕೆ ತೀರ ವಿರುದ್ಧವಾದ ನಿದರ್ಶನವೊಂದು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಕಂಡುಬರುತ್ತದೆ. ಆ ರಾಷ್ಟ್ರವನ್ನು ಒಡೆಯಲು ಹೋರಾಡಿ ಸೋತ ಇಬ್ಬರು ದಂಡನಾಯಕರ ಚಿತ್ರವನ್ನು, ಗೆದ್ದ ಸರಕಾರವೇ ೧೯೨೫ರಲ್ಲಿ ಫಿಲಡೆಲ್ಫಿಯದ ತನ್ನ ಟಂಕಸಾಲೆಯಲ್ಲಿ, ತನ್ನದೇ ನಾಣ್ಯದ ಮೇಲೆ ಅಚ್ಚೊತ್ತಿಸಿತು. ಕೆಲವು ವರ್ಷಗಳವರೆಗೆ ನಾವು ಈ ನಾಣ್ಯವನ್ನು ವೈರವನ್ನು ಮರೆತ ರಾಷ್ಟ್ರವೊಂದರ ಔದಾರ್ಯದ ಕುರುಹೆಂದೇ ತರಗತಿಯಲ್ಲಿ ವಿವರಿಸುತ್ತಿದ್ದೆವು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಈ ರಾಜಿ ಯಾರ ಯಾರ ನಡುವೆ ಆಯಿತು?" ಎಂದು ಕೇಳಿದಳು. ಆ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನಕರವಾಗಿರಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು, ಅಮೆರಿಕದ ಅಂತರ್ಯುದ್ಧದ ಸೇನಾನಿಗಳನ್ನು ಸ್ಮರಿಸುವ ನಾಣ್ಯಗಳನ್ನು ಕಾಲಕ್ರಮದಲ್ಲಿ ಪರಿಶೀಲಿಸುವ ಒಂದು ಪ್ರಯತ್ನ.

೧. ಯುದ್ಧದ ಹಿನ್ನೆಲೆ

೧೮೬೦ರ ಜನಗಣತಿಯ ಪ್ರಕಾರ ಸಂಯುಕ್ತ ಸಂಸ್ಥಾನದಲ್ಲಿ ಸುಮಾರು ನಲವತ್ತು ಲಕ್ಷ ಮಂದಿ ಕರಿಯ ಜನರು ಗುಲಾಮರಾಗಿದ್ದರು. ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸುತ್ತಿದ್ದ ಅಬ್ರಹಾಂ ಲಿಂಕನನು ಅದೇ ವರ್ಷ ಅಧ್ಯಕ್ಷನಾಗಿ ಚುನಾಯಿತನಾದುದರಿಂದ ದಕ್ಷಿಣದ ಸಂಸ್ಥಾನಗಳು ಒಂದೊಂದಾಗಿ ಒಕ್ಕೂಟದಿಂದ ಹೊರಬಿದ್ದುವು. ಒಟ್ಟು ಹನ್ನೊಂದು ಸಂಸ್ಥಾನಗಳು ಸೇರಿ ಕಾನ್ಫೆಡರಸಿ ಎಂಬ ಬೇರೊಂದು ಕೂಟವನ್ನು ಕಟ್ಟಿಕೊಂಡುವು. ಈ ಕೂಟದ ಉಪಾಧ್ಯಕ್ಷನಾದ ಅಲೆಕ್ಸಾಂಡರ್ ಸ್ಟೀವನ್ಸನು ೧೮೬೧ರ ಮಾರ್ಚಿಯಲ್ಲಿ ಸವಾನಾ ನಗರದಲ್ಲಿ ಮಾಡಿದ ಭಾಷಣದಲ್ಲಿ, ಕರಿಯರ ದಾಸ್ಯವೇ ತಮ್ಮ ಹೊಸ ರಾಜ್ಯದ ಮೂಲೆಗಲ್ಲೆಂದು ಮುಚ್ಚುಮರೆಯಿಲ್ಲದೆ ಸಾರಿದನು. ಅದೇ ವರ್ಷ ಏಪ್ರಿಲ್ ೧೨ರಂದು ಸಮ್ಟರ್ ಕೋಟೆಯ ಮೇಲೆ ಗುಂಡಿನ ದಾಳಿಯಾಗಿ ಯುದ್ಧ ಮೊದಲಾಯಿತು. ೧೮೬೫ರ ಏಪ್ರಿಲ್ ೯ರಂದು ದಕ್ಷಿಣದ ಪ್ರಧಾನ ಸೇನಾನಿ ರಾಬರ್ಟ್ ಲೀಯು ಅಪಮಾಟಕ್ಸ್ ಎಂಬಲ್ಲಿ ಉತ್ತರದ ಸೇನಾಪತಿ ಯುಲಿಸಿಸ್ ಗ್ರಾಂಟನಿಗೆ ಶರಣಾದನು. ನಾಲ್ಕು ವರ್ಷಗಳ ಈ ಕದನದಲ್ಲಿ ಆರು ಲಕ್ಷಕ್ಕೂ ಮಿಕ್ಕು ಸೈನಿಕರು ಮಡಿದರು. ಉತ್ತರದ ಸೈನ್ಯದಲ್ಲಿ ಸುಮಾರು ೧,೮೦,೦೦೦ ಮಂದಿ ಕರಿಯ ಸೈನಿಕರಿದ್ದರೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡಬೇಕು.

ಯುದ್ಧಾನಂತರದ ಒಂದು ವಿಚಾರವೂ ಪ್ರಸ್ತುತವಾಗಿದೆ. ಸೋತ ದಕ್ಷಿಣದಲ್ಲಿ, ಯುದ್ಧ ನಡೆದುದು ಗುಲಾಮಗಿರಿಗಾಗಿ ಅಲ್ಲ, ಸಂಸ್ಥಾನಗಳ ಹಕ್ಕಿಗಾಗಿ ಮತ್ತು ತಾಯ್ನಾಡಿನ ಮಾನಕ್ಕಾಗಿ ಎಂಬ ವಾದ ಕ್ರಮೇಣ ಬಲಿಯಿತು. ಎಡ್ವರ್ಡ್ ಪೊಲಾರ್ಡನು ೧೮೬೬ರಲ್ಲಿ ಪ್ರಕಟಿಸಿದ 'ದಿ ಲಾಸ್ಟ್ ಕಾಸ್' ಎಂಬ ಗ್ರಂಥದ ಹೆಸರೇ ಈ ವಾದಕ್ಕೆ ನಿಂತಿತು. ನಾವು ಇದನ್ನು 'ಸೋತ ಧ್ಯೇಯ'ದ ವಾದವೆಂದು ಕರೆಯಬಹುದು. ಸ್ಟೀವನ್ಸನು ೧೮೬೧ರಲ್ಲಿ ಆಡಿದ ಮಾತು ಈ ವಾದದಲ್ಲಿ ಎಲ್ಲಿಯೂ ಕೇಳಿಬರುವುದಿಲ್ಲ. ನಾಣ್ಯಗಳನ್ನು ಓದುವಾಗ ಈ ಮೌನವು ನಮಗೆ ಮತ್ತೆ ಮತ್ತೆ ಎದುರಾಗುವುದು.

೨. ಸ್ಮಾರಕ ನಾಣ್ಯವೆಂದರೇನು?

ಸ್ಮಾರಕ ನಾಣ್ಯವು ವ್ಯಕ್ತಿಯ ಅಥವಾ ಘಟನೆಯ ನೆನಪಿಗಾಗಿ ಸರಕಾರ ಹೊರಡಿಸುವ ನಾಣ್ಯ. ನಮ್ಮ ದೇಶದಲ್ಲಿ ಸ್ವಾತಂತ್ರ್ಯಾನಂತರ ಇಂತಹ ನಾಣ್ಯವು ಮೊದಲು ಬಂದುದು ೧೯೬೪ರಲ್ಲಿ, ಜವಾಹರಲಾಲ್ ನೆಹರೂ ಅವರ ನೆನಪಿಗೆ. ನಮ್ಮಲ್ಲಿ ಅದು ನೇರವಾಗಿ ಸರಕಾರದ ಕಾರ್ಯ. ಅಮೆರಿಕದಲ್ಲಿ ೧೮೯೨ರ ಕೊಲಂಬಸ್ ಅರ್ಧ ಡಾಲರಿನಿಂದ ಮೊದಲಾದ ಪದ್ಧತಿ ಇದಕ್ಕಿಂತ ಭಿನ್ನವಾದುದು. ಅದನ್ನು ಅರಿಯದೆ ಮುಂದಿನ ಸಂಗತಿಗಳು ಸ್ಪಷ್ಟವಾಗಲಾರವು.

ಅಲ್ಲಿ ಸ್ಥಳೀಯ ಸಂಘವೊಂದು ಉತ್ಸವಕ್ಕೋ ಸ್ಮಾರಕ ನಿರ್ಮಾಣಕ್ಕೋ ಹಣ ಕೂಡಿಸಬೇಕೆಂದು ಬಯಸುತ್ತದೆ. ಅದು ತನ್ನ ಪ್ರತಿನಿಧಿಗಳ ಮೂಲಕ ಕಾಂಗ್ರೆಸ್ಸಿನಲ್ಲಿ ಮಸೂದೆಯೊಂದನ್ನು ತರಿಸುತ್ತದೆ. ಮಸೂದೆ ಅಂಗೀಕಾರವಾಗಿ ಅಧ್ಯಕ್ಷನ ಅಂಕಿತ ಬಿದ್ದ ಮೇಲೆ ಶಿಲ್ಪಿಯೊಬ್ಬನು ಮಾದರಿಯನ್ನು ಸಿದ್ಧಪಡಿಸುತ್ತಾನೆ, ಲಲಿತಕಲಾ ಆಯೋಗವು ಅದನ್ನು ಪರಿಶೀಲಿಸುತ್ತದೆ, ಟಂಕಸಾಲೆ ಅಚ್ಚೊತ್ತುತ್ತದೆ. ನಾವು ಈಗ ನೋಡಲಿರುವ ಕಾಲದಲ್ಲಿ ಸಂಘವು ಆ ನಾಣ್ಯಗಳನ್ನು ಮುಖಬೆಲೆಗೆ ಪಡೆದು ಹೆಚ್ಚಿನ ಬೆಲೆಗೆ ಮಾರುತ್ತಿತ್ತು. ಐವತ್ತು ಸೆಂಟಿನ ನಾಣ್ಯವನ್ನು ಒಂದು ಡಾಲರಿಗೆ ಮಾರಿದರೆ ಉಳಿದ ಐವತ್ತು ಸೆಂಟು ಸಂಘದ ನಿಧಿಗೆ ಸಲ್ಲುವುದು. ಮಾರಾಟವಾಗದುವನ್ನು ಹಿಂದಿರುಗಿಸಿದರೆ ಟಂಕಸಾಲೆ ಅವನ್ನು ಕರಗಿಸುತ್ತಿತ್ತು. ಆದುದರಿಂದ ಇಂತಹ ನಾಣ್ಯದ ಹಿಂದೆ ಎರಡು ಕೈಗಳಿವೆ: ವಿಷಯವನ್ನು ಆರಿಸುವುದು ಖಾಸಗಿ ಸಂಘದ ಕೈ, ಅದಕ್ಕೆ ಪ್ರಮಾಣಮುದ್ರೆ ಒತ್ತುವುದು ರಾಷ್ಟ್ರದ ಕೈ.

ಈ ಅರ್ಧ ಡಾಲರುಗಳು ಚಲಾವಣೆಯ ಇತರ ಅರ್ಧ ಡಾಲರುಗಳಂತೆಯೇ ೧೨.೫ ಗ್ರಾಂ ತೂಕದವು. ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಹತ್ತು ಪಾಲು ತಾಮ್ರ. ಮುದ್ರಿತ ಸಂಖ್ಯೆಗಳು ೫೦,೦೨೮ ಎಂಬಂತೆ ವಿಚಿತ್ರವಾಗಿ ತೋರುವುದಕ್ಕೂ ಕಾರಣವಿದೆ. ತೂಕ ಮತ್ತು ಲೋಹಶುದ್ಧಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಮಂಡಲಿಗಾಗಿ ಕೆಲವು ನಾಣ್ಯಗಳನ್ನು ಹೆಚ್ಚಾಗಿ ಒತ್ತುತ್ತಿದ್ದರು. ಕೊನೆಯ ಬಿಡಿ ಅಂಕಿಗಳು ಅವನ್ನು ಸೂಚಿಸುತ್ತವೆ.

೩. ಗ್ರಾಂಟನ ನಾಣ್ಯ, ೧೯೨೨

ಅಂತರ್ಯುದ್ಧದ ಸೇನಾನಿಯೊಬ್ಬನ ಹೆಸರಿನ ಮೊದಲ ಸ್ಮಾರಕ ನಾಣ್ಯ ಗೆದ್ದ ಪಕ್ಷದ್ದೇ ಆಗಿದ್ದುದು ಸಹಜ. ಗ್ರಾಂಟನು ೧೮೨೨ರ ಏಪ್ರಿಲ್ ೨೭ರಂದು ಒಹಾಯೋ ಸಂಸ್ಥಾನದ ಪಾಯಿಂಟ್ ಪ್ಲೆಸೆಂಟ್ ಗ್ರಾಮದಲ್ಲಿ ಜನಿಸಿದನು. ಜನ್ಮಶತಾಬ್ದಿಯ ಸಂದರ್ಭದಲ್ಲಿ ಅರ್ಧ ಡಾಲರಿನ ಬೆಳ್ಳಿಯ ನಾಣ್ಯವನ್ನೂ ಒಂದು ಡಾಲರಿನ ಚಿನ್ನದ ನಾಣ್ಯವನ್ನೂ ಹೊರಡಿಸಿದರು. ಎರಡಕ್ಕೂ ಮಾದರಿ ಒಂದೇ. ಅದನ್ನು ರಚಿಸಿದವಳು ಲಾರಾ ಗಾರ್ಡಿನ್ ಫ್ರೇಸರ್ ಎಂಬ ಶಿಲ್ಪಿ. ಮುಂಬದಿಯಲ್ಲಿ ಮ್ಯಾಥ್ಯೂ ಬ್ರೇಡಿಯ ಛಾಯಾಚಿತ್ರವನ್ನು ಅನುಸರಿಸಿದ, ಸೈನ್ಯದ ಉಡುಪಿನಲ್ಲಿರುವ ಗ್ರಾಂಟನ ಎದೆಮಟ್ಟದ ಚಿತ್ರವಿದೆ. ಹಿಂಬದಿಯಲ್ಲಿ ಮರಗಳ ನಡುವೆ ಆತನು ಹುಟ್ಟಿದ ಸಣ್ಣ ಮನೆ ಇದೆ.

ಅರ್ಧ ಡಾಲರುಗಳಲ್ಲಿ ಐದು ಸಾವಿರಕ್ಕೂ, ಹತ್ತು ಸಾವಿರ ಚಿನ್ನದ ಡಾಲರುಗಳಲ್ಲಿ ಐದು ಸಾವಿರಕ್ಕೂ ಮುಂಬದಿಯಲ್ಲಿ ಸಣ್ಣ ನಕ್ಷತ್ರವೊಂದನ್ನು ಇಟ್ಟಿದ್ದಾರೆ. ಈ ನಕ್ಷತ್ರಕ್ಕೆ ಗ್ರಾಂಟನ ಚರಿತ್ರೆಯಲ್ಲಿ ಅರ್ಥವೇನೂ ಇಲ್ಲ. ಎರಡು ಬಗೆಯಿದ್ದರೆ ಸಂಗ್ರಾಹಕರು ಎರಡನ್ನೂ ಕೊಳ್ಳುವರೆಂಬುದೇ ಅದರ ಪ್ರಯೋಜನ. ಮುಂದೆ ನಕ್ಷತ್ರವಿಲ್ಲದ ಅರ್ಧ ಡಾಲರುಗಳ ಮೇಲೆ ಕೃತಕವಾಗಿ ನಕ್ಷತ್ರವನ್ನೊತ್ತಿ ವಂಚಿಸಿದವರೂ ಉಂಟು. ಮಾರಾಟದ ಹಣದಿಂದ ಗ್ರಾಂಟನ ನಾಡಿನಲ್ಲಿ ಸ್ಮಾರಕ ಕಟ್ಟಡಗಳನ್ನೂ ಹೆದ್ದಾರಿಯೊಂದನ್ನೂ ನಿರ್ಮಿಸುವ ಉದ್ದೇಶವಿತ್ತು, ಅದು ಕೈಗೂಡಲಿಲ್ಲ.

ಗ್ರಾಂಟನು ಸೇನಾಪತಿ ಮಾತ್ರನಾಗಿರಲಿಲ್ಲ. ೧೮೬೯ರಿಂದ ೧೮೭೭ರವರೆಗೆ ಅಧ್ಯಕ್ಷನೂ ಆಗಿದ್ದನು. ವಿಮೋಚಿತರಾದ ಕರಿಯರನ್ನು ಕೊಲೆ ಮತ್ತು ಬೆದರಿಕೆಗಳಿಂದ ಹತ್ತಿಕ್ಕುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತಸಂಘವನ್ನು ೧೮೭೦-೭೧ರ ಕಾನೂನುಗಳ ಬಲದಿಂದ ಮುರಿದವನು ಅವನೇ. ನಾಣ್ಯದಲ್ಲಿ ಈ ಅಧ್ಯಕ್ಷನು ಕಾಣುವುದಿಲ್ಲ. ಕಾಣುವುದು ಸಿಪಾಯಿಯ ಅಂಗಿ ಮತ್ತು ಬಡವನ ಮನೆ. ಇವೆರಡನ್ನೂ ಆಕ್ಷೇಪಿಸುವವರು ೧೯೨೨ರಲ್ಲಿ ಉತ್ತರದಲ್ಲಿಯೂ ಇರಲಿಲ್ಲ, ದಕ್ಷಿಣದಲ್ಲಿಯೂ ವಿರಳ.

೪. ಸ್ಟೋನ್ ಮೌಂಟನ್ ನಾಣ್ಯ, ೧೯೨೫

ಜಾರ್ಜಿಯ ಸಂಸ್ಥಾನದಲ್ಲಿ ಅಟ್ಲಾಂಟ ನಗರದ ಹತ್ತಿರ ಸ್ಟೋನ್ ಮೌಂಟನ್ ಎಂಬ ಬೃಹತ್ತಾದ ಹೆಬ್ಬಂಡೆಯ ಬೆಟ್ಟವಿದೆ. ಗ್ರಾಂಟನು ಮುರಿದಿದ್ದ ಕ್ಲಾನ್ ಸಂಘವು ೧೯೧೫ರ ನವೆಂಬರಿನಲ್ಲಿ ಮರಳಿ ಹುಟ್ಟಿದುದು ಈ ಬೆಟ್ಟದ ನೆತ್ತಿಯ ಮೇಲೆ. ಅದೇ ಬೆಟ್ಟದ ಕಡಿದಾದ ಮೈಯಲ್ಲಿ ದಕ್ಷಿಣದ ವೀರರ ಮಹಾಶಿಲ್ಪವನ್ನು ಕೆತ್ತಿಸುವ ಯೋಜನೆಯನ್ನು ದಕ್ಷಿಣದ ಮಹಿಳಾ ಸಂಘವೊಂದು ಮುಂದಿಟ್ಟಿತು. ಶಿಲ್ಪಿ ಗಟ್ಜನ್ ಬೋರ್ಗ್ಲಂ. ಕೆತ್ತನೆ ೧೯೨೩ರ ಜೂನಿನಲ್ಲಿ ಪ್ರಾರಂಭವಾಯಿತು. ಲೀಯ ತಲೆಯನ್ನು ೧೯೨೪ರ ಜನವರಿ ೧೯ರಂದು, ಆತನ ಜನ್ಮದಿನದಂದು, ಅನಾವರಣ ಮಾಡಿದರು. ಬಂಡೆಯನ್ನು ಕೊರೆಯಲು ಅಪಾರ ಹಣ ಬೇಕಾಗಿತ್ತು. ಅದಕ್ಕಾಗಿಯೇ ನಾಣ್ಯದ ಉಪಾಯ ಹೊಳೆಯಿತು.

೧೯೨೪ರ ಮಾರ್ಚ್ ೧೭ರಂದು ಅಧ್ಯಕ್ಷ ಕ್ಯಾಲ್ವಿನ್ ಕೂಲಿಜನ ಅಂಕಿತ ಪಡೆದ ಕಾನೂನು ಐವತ್ತು ಲಕ್ಷದವರೆಗೆ ಅರ್ಧ ಡಾಲರುಗಳನ್ನು ಒತ್ತಲು ಅನುಮತಿಯಿತ್ತಿತು. ಹಿಂದಿನ ವರ್ಷ ತೀರಿಕೊಂಡಿದ್ದ ಅಧ್ಯಕ್ಷ ಹಾರ್ಡಿಂಗನ ಸ್ಮರಣೆಯನ್ನೂ ಆ ಕಾನೂನು ಸೇರಿಸಿಕೊಂಡಿತ್ತು. ಆದರೆ ಆತನ ಹೆಸರು ಕೊನೆಗೆ ನಾಣ್ಯದ ಮೇಲೆ ಬರಲಿಲ್ಲ. ಲಲಿತಕಲಾ ಆಯೋಗವು ಬೋರ್ಗ್ಲಮನ ಮೊದಲ ಮಾದರಿಗಳನ್ನು ಒಪ್ಪದೆ ತಿದ್ದಿಸಿತು. ೧೯೨೫ರ ಜನವರಿ ೨೧ರಂದು ಅಚ್ಚೊತ್ತುವ ಕೆಲಸ ಮೊದಲಾಯಿತು. ಅದು ದಕ್ಷಿಣದ ಮತ್ತೊಬ್ಬ ಸೇನಾನಿ ಥಾಮಸ್ 'ಸ್ಟೋನ್‌ವಾಲ್' ಜಾಕ್ಸನನ ಜನ್ಮದಿನ.

ನಾಣ್ಯದ ಮುಂಬದಿಯಲ್ಲಿ ಕುದುರೆಯ ಮೇಲೆ ಕುಳಿತ ಲೀ ಮತ್ತು ಜಾಕ್ಸನ್, ಮೇಲುಗಡೆ ಹದಿಮೂರು ನಕ್ಷತ್ರಗಳು ಮತ್ತು ದೇವರಲ್ಲಿ ನಮ್ಮ ವಿಶ್ವಾಸವೆಂಬ ರಾಷ್ಟ್ರದ ವಾಕ್ಯ. ಹಿಂಬದಿಯಲ್ಲಿ ಬಂಡೆಯ ಮೇಲೆ ರೆಕ್ಕೆಬಿಚ್ಚಿದ ಹದ್ದು. ಇದು ದಕ್ಷಿಣದ ಸೈನಿಕನ ಶೌರ್ಯದ ಸ್ಮಾರಕವೆಂಬ ಅರ್ಥದ ಬರಹ. ಇಲ್ಲಿ 'ಶೌರ್ಯ' ಎಂಬ ಶಬ್ದವನ್ನು ನಾವು ಗಮನಿಸಬೇಕು. ಶೌರ್ಯವನ್ನು ಹೇಳಿದರೆ ಸಾಕು, ಆ ಶೌರ್ಯ ಯಾವುದಕ್ಕಾಗಿ ಎಂದು ಹೇಳಬೇಕಾಗುವುದಿಲ್ಲ. ಕಾನ್ಫೆಡರಸಿಯ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸನು ಬೆಟ್ಟದ ಶಿಲ್ಪದ ಯೋಜನೆಯಲ್ಲಿದ್ದರೂ ನಾಣ್ಯದಲ್ಲಿಲ್ಲ. ರಾಜಕಾರಣಿಯನ್ನು ಬಿಟ್ಟು ಯೋಧರನ್ನು ಮಾತ್ರ ಉಳಿಸಿಕೊಂಡರೆ ಯುದ್ಧದ ಕಾರಣದ ಮಾತು ತಾನಾಗಿಯೇ ಹಿಂದೆ ಸರಿಯುತ್ತದೆ. ಉತ್ತರದ ವೃದ್ಧಯೋಧರ ಸಂಘವು ಈ ನಾಣ್ಯವನ್ನು ವಿರೋಧಿಸಿತಾದರೂ ಆ ವಿರೋಧ ಫಲಿಸಲಿಲ್ಲ.

ಇಲ್ಲಿ ಎರಡು ಸಂಗತಿಗಳು ವಿಚಾರಾರ್ಹವಾಗಿವೆ. ಮೊದಲನೆಯದು: ಕಾನ್ಫೆಡರಸಿಯು ತಾನು ಬದುಕಿದ್ದಾಗ ಸ್ವಂತ ಲಾಂಛನದ ಅರ್ಧ ಡಾಲರುಗಳನ್ನು ನ್ಯೂ ಆರ್ಲಿಯನ್ಸಿನಲ್ಲಿ ೧೮೬೧ರಲ್ಲಿ ಒತ್ತಿದುದು ನಾಲ್ಕೇ ನಾಲ್ಕು. ಅದರ ಸೇನಾನಿಗಳ ಚಿತ್ರವುಳ್ಳ ಅರ್ಧ ಡಾಲರುಗಳನ್ನು ಅದರ ಶತ್ರುವಿನ ಟಂಕಸಾಲೆಯು ೧೯೨೫ರಲ್ಲಿ ೨೩,೧೪,೭೦೯ರಷ್ಟು ಒತ್ತಿತು. ಹತ್ತು ಲಕ್ಷ ಹಿಂದಿರುಗಿ ಕರಗಿದ ಮೇಲೂ ೧೩,೧೪,೭೦೯ ಉಳಿದುವು. ಎರಡನೆಯದು: ಶರಣಾಗತಿಯ ಬಳಿಕ ಲೀಯು ೧೮೬೫ರ ಅಕ್ಟೋಬರಿನಲ್ಲಿ ನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಮಾಡಿದ್ದರೂ ಆತನ ನಾಗರಿಕ ಹಕ್ಕುಗಳು ಪೂರ್ಣವಾಗಿ ಹಿಂದಿರುಗಿರಲಿಲ್ಲ. ಕಾಂಗ್ರೆಸ್ಸು ಅವನ್ನು ಮರಣೋತ್ತರವಾಗಿ ಹಿಂದಕ್ಕೆ ಕೊಟ್ಟುದು ೧೯೭೫ರಲ್ಲಿ. ಅಂದರೆ, ರಾಷ್ಟ್ರವು ಲೀಯನ್ನು ತನ್ನ ಪ್ರಜೆಯೆಂದು ಪೂರ್ಣವಾಗಿ ಮರಳಿ ಅಂಗೀಕರಿಸುವುದಕ್ಕೆ ಐವತ್ತು ವರ್ಷ ಮುಂಚೆಯೇ ತನ್ನ ಹಣದ ಮೇಲೆ ಅಂಗೀಕರಿಸಿತ್ತು.

ಇದು ಹೇಗೆ ಸಾಧ್ಯವಾಯಿತು? ಆಗಿನ ರಾಜಕೀಯವನ್ನು ನೋಡಿದರೆ ಉತ್ತರ ದೊರೆಯುತ್ತದೆ. ೧೮೯೦ರ ಮಿಸಿಸಿಪಿ ಸಂವಿಧಾನದಿಂದ ಮೊದಲುಗೊಂಡು ದಕ್ಷಿಣದ ಸಂಸ್ಥಾನಗಳು ನಾನಾ ಉಪಾಯಗಳಿಂದ ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಂಡಿದ್ದುವು. ೧೯೦೧ರ ಮಾರ್ಚಿಯಿಂದ ೧೯೨೯ರವರೆಗೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಒಬ್ಬ ಕರಿಯ ಸದಸ್ಯನೂ ಇರಲಿಲ್ಲ. ೧೯೨೪ರ ಕಾನೂನು ಚರ್ಚೆಗೆ ಬಂದಾಗ, ಲೀಯ ಸೈನ್ಯ ಗೆದ್ದಿದ್ದರೆ ಗುಲಾಮರಾಗಿಯೇ ಉಳಿಯುತ್ತಿದ್ದವರ ಮಕ್ಕಳ ಪರವಾಗಿ ಕೈಯೆತ್ತುವವರು ಸಭೆಯಲ್ಲಿಯೇ ಇರಲಿಲ್ಲ.

ನಾಣ್ಯದ ಮಾರಾಟವನ್ನು ದೊಡ್ಡ ಅಭಿಯಾನವಾಗಿ ನಡೆಸಿದರು. ಒಂದೊಂದು ಸಂಸ್ಥಾನವೂ ಇಷ್ಟಿಷ್ಟು ಕೊಳ್ಳಬೇಕೆಂದು ಗೊತ್ತುಮಾಡಿದರು. ಕೆಲವು ನಾಣ್ಯಗಳ ಮೇಲೆ ಸಂಸ್ಥಾನದ ಹೆಸರಿನ ಅಕ್ಷರಗಳನ್ನೂ ಅಂಕಿಗಳನ್ನೂ ಒತ್ತಿ ಊರೂರುಗಳಲ್ಲಿ ಹರಾಜು ಹಾಕಿದರು. ಆದರೆ ಅಚ್ಚೊತ್ತುವ ಕೆಲಸ ಮೊದಲಾದ ಮರುತಿಂಗಳೇ ಬೋರ್ಗ್ಲಮನಿಗೂ ಸಂಘಕ್ಕೂ ಜಗಳವಾಗಿ ಅವನನ್ನು ತೆಗೆದುಹಾಕಿದರು. ಅವನು ತನ್ನ ಮಾದರಿಗಳನ್ನು ಒಡೆದುಹಾಕಿ ಜಾರ್ಜಿಯದಿಂದ ಓಡಿಹೋದನು. ಮುಂದೆ ರಶ್ಮೋರ್ ಬೆಟ್ಟದಲ್ಲಿ ನಾಲ್ವರು ಅಧ್ಯಕ್ಷರ ಮುಖಗಳನ್ನು ಕೆತ್ತಿದವನು ಇವನೇ. ಸ್ಟೋನ್ ಮೌಂಟನ್ನಿನಲ್ಲಿ ಅವನು ಕೆತ್ತಿದ್ದ ಲೀಯ ತಲೆಯನ್ನು ಸಿಡಿಸಿ ತೆಗೆದರು. ೧೯೨೮ರಲ್ಲಿ ಕೆಲಸ ನಿಂತಿತು. ಜಾರ್ಜಿಯ ಸರಕಾರವು ೧೯೫೮ರಲ್ಲಿ ಬೆಟ್ಟವನ್ನು ಕೊಂಡಿತು. ೧೯೬೪ರಲ್ಲಿ ಕೆಲಸ ಮರಳಿ ಮೊದಲಾಗಿ ೧೯೭೨ರಲ್ಲಿ ಮುಗಿಯಿತು. ಬೋರ್ಗ್ಲಮನು ಬೆಟ್ಟದಲ್ಲಿ ಕೆತ್ತಿದುದು ಏನೂ ಉಳಿಯಲಿಲ್ಲ. ಬೆಟ್ಟಕ್ಕೆ ಹಣ ಕೂಡಿಸಲೆಂದು ಅವನು ರೂಪಿಸಿದ ಅಂಗೈಯಗಲದ ನಾಣ್ಯ ಉಳಿಯಿತು.

೫. ಆಂಟೀಟಂ ನಾಣ್ಯ, ೧೯೩೭

೧೯೩೦ರ ದಶಕದಲ್ಲಿ ಹೊಸದೊಂದು ಬಗೆ ಕಂಡುಬರುತ್ತದೆ: ಎರಡೂ ಪಕ್ಷಗಳನ್ನು ಒಂದೇ ನಾಣ್ಯದಲ್ಲಿ ಕೂಡಿಸುವುದು. ಮೇರಿಲೆಂಡಿನ ಶಾರ್ಪ್ಸ್‌ಬರ್ಗ್ ಹಳ್ಳಿಯ ಬಳಿ ಆಂಟೀಟಂ ಎಂಬ ಹೊಳೆಯ ದಡದಲ್ಲಿ ೧೮೬೨ರ ಸೆಪ್ಟೆಂಬರ್ ೧೭ರಂದು ನಡೆದ ಕಾಳಗದಲ್ಲಿ, ಒಂದೇ ದಿನದಲ್ಲಿ, ಸುಮಾರು ೨೩,೦೦೦ ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಅದರ ೭೫ನೆಯ ವರ್ಷದ ನೆನಪಿಗೆ ೧೯೩೭ರಲ್ಲಿ ಅರ್ಧ ಡಾಲರೊಂದು ಬಂದಿತು. ಶಿಲ್ಪಿ ವಿಲಿಯಂ ಮಾರ್ಕ್ಸ್ ಸಿಂಪ್ಸನ್. ಮುಂಬದಿಯಲ್ಲಿ ಉತ್ತರದ ದಂಡನಾಯಕ ಜಾರ್ಜ್ ಮೆಕ್ಲೆಲನ್ ಮತ್ತು ದಕ್ಷಿಣದ ಲೀ ಇವರ ಪಾರ್ಶ್ವಮುಖಗಳು ಜೋಡಿಯಾಗಿವೆ. ಹಿಂಬದಿಯಲ್ಲಿ ಹೊಳೆಯ ಮೇಲಣ ಬರ್ನ್‌ಸೈಡ್ ಸೇತುವೆ. ಕೆಲವೇ ನೂರು ಮಂದಿ ಜಾರ್ಜಿಯದ ಬಂದೂಕುಗಾರರು ಬಹುಸಂಖ್ಯೆಯ ಉತ್ತರದ ಸೈನ್ಯವನ್ನು ಗಂಟೆಗಟ್ಟಲೆ ತಡೆದುನಿಲ್ಲಿಸಿದ ಸ್ಥಳವದು.

ಮಾದರಿ ಸುಂದರವಾಗಿದೆ, ಎರಡು ಪಕ್ಷಕ್ಕೂ ಸಮಾನ ಗೌರವ. ಆದರೆ ಕಾಳಗದ ಮುಖ್ಯ ಪರಿಣಾಮ ಯಾವುದು? ಲೀಯ ಸೈನ್ಯ ಹಿಂದಿರುಗಿದ ಐದೇ ದಿನದೊಳಗೆ, ಸೆಪ್ಟೆಂಬರ್ ೨೨ರಂದು, ಲಿಂಕನನು ಗುಲಾಮರ ವಿಮೋಚನೆಯ ಪೂರ್ವಘೋಷಣೆಯನ್ನು ಹೊರಡಿಸಿದನು. ಜಯವೊಂದಕ್ಕಾಗಿ ಅವನು ಕಾಯುತ್ತಿದ್ದನು. ಆಂಟೀಟಂ ಆ ಅವಕಾಶವನ್ನು ಒದಗಿಸಿತು. ೧೮೬೩ರ ಜನವರಿ ೧ರಂದು ಘೋಷಣೆ ಜಾರಿಗೆ ಬಂದು, ದಂಗೆಯೆದ್ದ ಪ್ರದೇಶಗಳ ಗುಲಾಮರು ಸ್ವತಂತ್ರರೆಂದು ಸಾರಲ್ಪಟ್ಟರು. ಮೆಕ್ಲೆಲನನಿಗೆ ಈ ನೀತಿ ಒಪ್ಪಿಗೆಯಾಗಿರಲಿಲ್ಲ. ಸೋತವರನ್ನು ಬೆನ್ನಟ್ಟದೆ ಕಾಲಹರಣ ಮಾಡಿದನೆಂದು ಲಿಂಕನನು ನವೆಂಬರಿನಲ್ಲಿ ಅವನನ್ನು ಪದವಿಯಿಂದ ತೆಗೆದನು. ೧೮೬೪ರ ಚುನಾವಣೆಯಲ್ಲಿ ಅವನೇ ಲಿಂಕನನಿಗೆ ಎದುರಾಳಿಯಾಗಿ ನಿಂತು ಸೋತನು. ಹೀಗಿರಲು, ಆಂಟೀಟಮ್ಮಿನ ನಾಣ್ಯದಲ್ಲಿ ಪರಸ್ಪರ ಕಾದಾಡಿದ ಇಬ್ಬರು ಸೇನಾನಿಗಳಿದ್ದಾರೆ, ಸೇತುವೆಯಿದೆ, ತಾರೀಖಿದೆ. ಆ ಕಾಳಗದಿಂದ ಬಾಳು ಬದಲಾದ ಲಕ್ಷಾಂತರ ಜನರ ಸುಳಿವು ಮಾತ್ರ ಇಲ್ಲ.

ಈ ನಾಣ್ಯದ ಬೆಲೆ ೧.೬೫ ಡಾಲರು. ೫೦,೦೨೮ ನಾಣ್ಯಗಳನ್ನು ಒತ್ತಿದರು, ೩೨,೦೦೦ ಮಾರಾಟವಾಗದೆ ಹಿಂದಿರುಗಿ ಕರಗಿದುವು, ಉಳಿದುವು ೧೮,೦೨೮. ೧೯೩೬ರ ಸುಮಾರಿಗೆ ಸ್ಮಾರಕ ನಾಣ್ಯಗಳು ಲೆಕ್ಕಕ್ಕೆ ಮೀರಿ ಬಂದು ಸಂಗ್ರಾಹಕರಿಗೆ ಬೇಸರ ಹಿಡಿದಿತ್ತು. ಇಂದು ಈ ನಾಣ್ಯ ದುರ್ಲಭವಾಗಿರುವುದು ಅಂದು ಯಾರಿಗೂ ಬೇಡವಾದುದರಿಂದಲೇ.

೬. ಗೆಟಿಸ್‌ಬರ್ಗ್ ನಾಣ್ಯ

೧೮೬೩ರ ಜುಲೈ ೧ರಿಂದ ೩ರವರೆಗೆ ಪೆನ್ಸಿಲ್ವೇನಿಯದ ಗೆಟಿಸ್‌ಬರ್ಗಿನಲ್ಲಿ ನಡೆದ ಮಹಾಕಾಳಗದ ೭೫ನೆಯ ವರ್ಷಕ್ಕೂ ಒಂದು ಅರ್ಧ ಡಾಲರು ಸಿದ್ಧವಾಯಿತು. ಫ್ರಾಂಕ್ ವಿಟೋರ್ ಎಂಬ ಶಿಲ್ಪಿಯ ಕೃತಿಯಾದ ಇದರಲ್ಲಿ ಹೆಸರಾಂತ ಸೇನಾನಿ ಯಾರೂ ಇಲ್ಲ. ಮುಂಬದಿಯಲ್ಲಿ ಉತ್ತರದ ಒಬ್ಬ ಯೋಧ, ದಕ್ಷಿಣದ ಒಬ್ಬ ಯೋಧ, ಪಕ್ಕಪಕ್ಕದಲ್ಲಿ. ನೀಲಿ ಮತ್ತು ಬೂದುಬಣ್ಣದವರ ಪುನರ್ಮಿಲನವೆಂಬ ಬರಹ. ನೀಲಿಯು ಉತ್ತರದ ಸೈನಿಕರ ಉಡುಪು, ಬೂದು ದಕ್ಷಿಣದವರದು. ಹಿಂಬದಿಯಲ್ಲಿ ಎರಡು ಪಕ್ಷಗಳ ಗುರಾಣಿಗಳು, ನಡುವೆ ಕೊಡಲಿಯನ್ನು ಸೇರಿಸಿ ಕಟ್ಟಿದ ಕೋಲುಗಳ ಕಂತೆ. ಇದು ಪ್ರಾಚೀನ ರೋಮಿನ ಅಧಿಕಾರಚಿಹ್ನೆ, ಇಲ್ಲಿ ಒಗ್ಗಟ್ಟಿನ ಸಂಕೇತ.

ಕಾಲನಿರ್ಣಯದ ವಿದ್ಯಾರ್ಥಿಗಳಿಗೆ ಈ ನಾಣ್ಯವು ಒಳ್ಳೆಯ ಪಾಠ. ಅದರ ಮೇಲಿರುವ ವರ್ಷ ೧೯೩೬, ಏಕೆಂದರೆ ಕಾನೂನು ಆ ವರ್ಷದ್ದು. ಅಚ್ಚೊತ್ತಿದುದು ೧೯೩೭ರಲ್ಲಿ. ಸ್ಮರಿಸುವುದು ೧೯೩೮ರ ಉತ್ಸವವನ್ನು. ಕಾನೂನಿನ ಪತ್ರಗಳೂ ಟಂಕಸಾಲೆಯ ದಾಖಲೆಗಳೂ ನಷ್ಟವಾಗಿ ನಾಣ್ಯವೊಂದೇ ಉಳಿದಿದ್ದರೆ ನಾವು ಎಷ್ಟು ಸುಲಭವಾಗಿ ತಪ್ಪುತ್ತಿದ್ದೆವೆಂಬುದನ್ನು ಊಹಿಸಬಹುದು. ನಮ್ಮ ಪ್ರಾಚೀನ ನಾಣ್ಯಗಳ ವಿಷಯದಲ್ಲಿ ನಮ್ಮ ಸ್ಥಿತಿ ಬಹುಮಟ್ಟಿಗೆ ಇದೇ ಆಗಿರುತ್ತದೆ. ಒತ್ತಿದ ೫೦,೦೨೮ರಲ್ಲಿ ೨೬,೯೨೮ ಉಳಿದುವು. ೧೯೩೮ರ ಜುಲೈಯಲ್ಲಿ ಎರಡು ಪಕ್ಷಗಳ ೧,೮೦೦ಕ್ಕೂ ಮಿಕ್ಕ ಮುಪ್ಪಿನ ಯೋಧರು ಗೆಟಿಸ್‌ಬರ್ಗಿನಲ್ಲಿ ಸೇರಿದರು. ಜುಲೈ ೩ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟನು ಶಾಂತಿಸ್ಮಾರಕವೊಂದನ್ನು ಉದ್ಘಾಟಿಸಿದನು. ಆ ವೃದ್ಧರು ಕೈ ಕುಲುಕಿದುದು ಮನಸ್ಸು ಕರಗುವ ದೃಶ್ಯ. ಅದರ ಪ್ರಾಮಾಣಿಕತೆಯಲ್ಲಿ ನಮಗೆ ಸಂಶಯವಿಲ್ಲ. ಆದರೂ ನಾಣ್ಯದ ಮೇಲೆ ಜೊತೆಯಾದ ಎರಡು ಮುಖಗಳೂ ಬಿಳಿಯರವು.

೭. ಮುಂದಿನ ಬೆಳವಣಿಗೆ

ಕರಿಯ ವ್ಯಕ್ತಿಯೊಬ್ಬನ ಚಿತ್ರ ಅಮೆರಿಕದ ನಾಣ್ಯದ ಮೇಲೆ ಮೊದಲು ಬಂದುದು ೧೯೪೬ರಲ್ಲಿ. ಅವನು ಸೇನಾನಿಯಲ್ಲ, ವರ್ಜೀನಿಯದಲ್ಲಿ ಗುಲಾಮನಾಗಿ ಹುಟ್ಟಿ ಶಿಕ್ಷಣಕರ್ತನಾಗಿ ಬೆಳೆದ ಬೂಕರ್ ಟಿ. ವಾಷಿಂಗ್ಟನ್. ಮಾದರಿಯನ್ನು ರಚಿಸಿದ ಐಸಾಕ್ ಹಾತವೇಯೂ ಕರಿಯ ಶಿಲ್ಪಿಯೇ. ಹಿಂಬದಿಯಲ್ಲಿ ಗುಲಾಮರ ಗುಡಿಸಲು ಇದೆ. ಗ್ರಾಂಟನ ನಾಣ್ಯದ ಮನೆಯನ್ನೂ ಈ ಗುಡಿಸಲನ್ನೂ ಒಟ್ಟಿಗೆ ಇಟ್ಟು ನೋಡಿದರೆ ಯುದ್ಧದ ಕಾರಣ ನಾಣ್ಯಗಳಲ್ಲಿ ಬಾಯಿಬಿಡಲು ಎಷ್ಟು ಕಾಲ ಹಿಡಿಯಿತೆಂಬುದು ತಿಳಿಯುತ್ತದೆ.

೧೯೫೪ರಿಂದ ೧೯೮೨ರವರೆಗೆ ಅಮೆರಿಕದಲ್ಲಿ ಇಂತಹ ಸ್ಮಾರಕ ನಾಣ್ಯಗಳು ಹೊರಡಲಿಲ್ಲ. ಪದ್ಧತಿ ಮರಳಿ ಮೊದಲಾದ ಮೇಲೆ, ೧೯೯೫ರಲ್ಲಿ, ಅಂತರ್ಯುದ್ಧದ ರಣಭೂಮಿಗಳ ಸಂರಕ್ಷಣೆಗಾಗಿ ಮೂರು ನಾಣ್ಯಗಳು ಬಂದುವು. ಅರ್ಧ ಡಾಲರಿನಲ್ಲಿ ನಗಾರಿ ಹೊಡೆಯುವ ಹುಡುಗ; ಬೆಳ್ಳಿಯ ಡಾಲರಿನಲ್ಲಿ ಗಾಯಾಳುವಿಗೆ ನೀರು ಕುಡಿಸುವ ಕಾ‌ಲಾಳು; ಐದು ಡಾಲರಿನ ಚಿನ್ನದ ನಾಣ್ಯದಲ್ಲಿ ಕುದುರೆಯ ಮೇಲೆ ಕಹಳೆಯವನು. ಗ್ರಾಂಟನೂ ಇಲ್ಲ, ಲೀಯೂ ಇಲ್ಲ. ಸೇನಾನಿಗಳನ್ನು ಆರಿಸಿದರೆ ಪಕ್ಷವನ್ನೂ ಆರಿಸಬೇಕಾಗುವುದೆಂಬ ಅರಿವು ಅಷ್ಟರಲ್ಲಿ ಬಂದಿದ್ದಿತೆಂದು ಊಹಿಸಬಹುದು.

೨೦೨೪ರಲ್ಲಿ ಹ್ಯಾರಿಯೆಟ್ ಟಬ್ಮನ್ ಹೆಸರಿನಲ್ಲಿ ಮೂರು ಸ್ಮಾರಕ ನಾಣ್ಯಗಳು ಹೊರಟುವು. ಈಕೆ ಮೇರಿಲೆಂಡಿನಲ್ಲಿ ಗುಲಾಮಳಾಗಿ ಹುಟ್ಟಿ, ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಹೋಗಿ ಇತರರನ್ನು ಬಿಡಿಸಿಕೊಂಡು ಬಂದವಳು. ಯುದ್ಧಕಾಲದಲ್ಲಿ ಉತ್ತರದ ಸೈನ್ಯಕ್ಕೆ ದಾದಿ, ಬೇಹುಗಾರಳು. ೧೮೬೩ರ ಜೂನ್ ೨ರಂದು ದಕ್ಷಿಣ ಕೆರೊಲಿನದ ಕಂಬಾಹೀ ನದಿಯ ಮೇಲೆ ನಡೆದ ದಾಳಿಗೆ ದಾರಿತೋರಿ, ಒಂದೇ ರಾತ್ರಿಯಲ್ಲಿ ಏಳು ನೂರಕ್ಕೂ ಮಿಕ್ಕು ಗುಲಾಮರು ಬಿಡುಗಡೆ ಹೊಂದುವುದಕ್ಕೆ ಕಾರಣಳಾದವಳು. ಅರ್ಧ ಡಾಲರಿನಲ್ಲಿ ಈಕೆ ಸೈನ್ಯದ ಡೇರೆಗಳ ಮುಂದೆ ದುರ್ಬೀನನ್ನು ಹಿಡಿದು ನಿಂತಿದ್ದಾಳೆ. ಅದೇ ವರ್ಷದ ನವೆಂಬರಿನಲ್ಲಿ ಮೇರಿಲೆಂಡ್ ಸಂಸ್ಥಾನವು ಈಕೆಗೆ ಮರಣೋತ್ತರವಾಗಿ ಬ್ರಿಗೇಡಿಯರ್ ಜನರಲ್ ಪದವಿಯನ್ನು ಕೊಟ್ಟಿತು. ಸೇನಾನಿಗಳ ನಾಣ್ಯಗಳ ಸಾಲಿನಲ್ಲಿ ಈಕೆಯನ್ನೂ ಸೇರಿಸಲು ಈಗ ಆಕ್ಷೇಪಣೆ ಇರಲಾರದು.

೮. ಉಪಸಂಹಾರ

ಮೇಲ್ಕಂಡ ಪರಿಶೀಲನೆಯಿಂದ ನಮಗೆ ತೋರುವುದಿಷ್ಟು. ಸ್ಮಾರಕ ನಾಣ್ಯವು ತಾನು ಚಿತ್ರಿಸುವ ಕಾಲಕ್ಕೆ ಆಕರವಲ್ಲ. ತಾನು ಹುಟ್ಟಿದ ಕಾಲಕ್ಕೆ ಆಕರ. ೧೯೨೫ರ ಅರ್ಧ ಡಾಲರಿನಿಂದ ಲೀಯ ಯುದ್ಧಕೌಶಲದ ವಿಚಾರವಾಗಿ ಕಲಿಯಬಹುದಾದುದು ಏನೂ ಇಲ್ಲ. ೧೯೨೪-೨೫ರ ಅಮೆರಿಕದಲ್ಲಿ ಯಾರ ಮಾತಿಗೆ ಬೆಲೆಯಿತ್ತು, ಯಾರ ಮಾತು ಸಭೆಯವರೆಗೆ ಮುಟ್ಟುತ್ತಿರಲಿಲ್ಲ ಎಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ಶಾತಕರ್ಣಿಯ ಮುದ್ರೆಯ ಅಡಿಯಲ್ಲಿ ನಹಪಾನನ ಮುಖ ಅಲ್ಲಲ್ಲಿ ಇಣುಕುವುದರಿಂದ ಅಲ್ಲಿ ಮೊದಲು ಯಾರಿದ್ದರೆಂದು ನಾವು ಅರಿಯಬಲ್ಲೆವು. ಸ್ಮಾರಕ ನಾಣ್ಯದಲ್ಲಿ ಬಿಟ್ಟುಹೋದವರು ಹಾಗೆ ಇಣುಕುವುದಿಲ್ಲ. ಅವರನ್ನು ಕಾನೂನಿನ ದಾಖಲೆಗಳಲ್ಲಿ, ಜನಗಣತಿಯಲ್ಲಿ, ಸೈನ್ಯದ ಪಟ್ಟಿಗಳಲ್ಲಿ ಹುಡುಕಿ ತರುವುದು ಇತಿಹಾಸಕಾರನ ಕೆಲಸ.

ಹಾಗೆಂದು ಈ ನಾಣ್ಯಗಳನ್ನು ಕರಗಿಸಬೇಕೆಂದಾಗಲಿ ಬಚ್ಚಿಡಬೇಕೆಂದಾಗಲಿ ನಾವು ಹೇಳುತ್ತಿಲ್ಲ. ಹದಿಮೂರು ಲಕ್ಷ ನಾಣ್ಯಗಳು ಉಳಿದಿರುವುದು ವಿದ್ಯಾರ್ಥಿಗಳ ಸುದೈವವೇ ಸರಿ. ಅವನ್ನು ಕೈಗೆತ್ತಿಕೊಂಡಾಗ, ಮೇಲಿರುವವನು ಯಾರೆಂದು ಕೇಳುವುದರ ಜೊತೆಗೆ, ಇದನ್ನು ಬೇಡಿದವರು ಯಾರು, ಒಪ್ಪಿದವರು ಯಾರು, ಹಣ ಹೋದುದು ಎಲ್ಲಿಗೆ, ಮೇಲೆ ಇರಬೇಕಾಗಿದ್ದು ಇಲ್ಲದವರು ಯಾರು ಎಂಬುದನ್ನೂ ಕೇಳಬೇಕು. ನಮ್ಮ ದೇಶದ ಸ್ಮಾರಕ ನಾಣ್ಯಗಳನ್ನು ಓದುವಾಗಲೂ ಈ ಪ್ರಶ್ನೆಗಳು ಸಲ್ಲುತ್ತವೆ.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವನ್ನು ಈಗ ಹೇಳಬಹುದು. ೧೯೨೫ ಮತ್ತು ೧೯೩೭ರ ನಾಣ್ಯಗಳ ರಾಜಿಯು ಉತ್ತರದ ಬಿಳಿಯರಿಗೂ ದಕ್ಷಿಣದ ಬಿಳಿಯರಿಗೂ ನಡುವೆ ಆದುದು. ಯಾರ ಬಿಡುಗಡೆಯಿಂದ ಆ ಯುದ್ಧಕ್ಕೆ ಅರ್ಥ ಬಂದಿತೋ ಅವರನ್ನು ಆ ರಾಜಿಗೆ ಕರೆದಿರಲಿಲ್ಲ. ಈ ಉತ್ತರವನ್ನು ಅಂದೇ ತರಗತಿಯಲ್ಲಿ ಕೊಡಬೇಕಾಗಿತ್ತು. ತಡವಾಗಿಯಾದರೂ ಇಲ್ಲಿ ದಾಖಲಿಸುತ್ತಿದ್ದೇವೆ.